ಪೋರ್ಷ 914 ಗೇರ್ ಬೀಳ್ತಿಲ್ವಾ? ಗೇರ್‌ಬಾಕ್ಸ್ ಬಿಚ್ಚೋಕ್ ಮುಂಚೆ ಬುಷ್ ಕಿಟ್, ಮೌಂಟಿಂಗ್ ಹಾಕಿ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ನಮ್ಮನೆ ಗ್ಯಾರೇಜಲ್ಲಿರೋದು 1973ರ ಪೋರ್ಷ 914, ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು, 2.0 ಲೀಟರ್ ಇಂಜಿನ್ದು. ಇದಕ್ಕೆ ನಾನು ತರಿಸಿ ಹಾಕಿದ ಮೂರು ಐಟಂ ಬಗ್ಗೆ ಹೇಳ್ತೀನಿ: ಗೇರ್ ಲಿಂಕೇಜ್ (ಲಿವರಿಂದ ಗೇರ್‌ಬಾಕ್ಸ್‌ವರೆಗೆ ಹೋಗೋ ರಾಡು, ಕೀಲುಗಳು) ಬುಷ್ ಕಿಟ್, ಅಂದ್ರೆ ಆ ಕೀಲುಗಳಲ್ಲಿ ಕೂರೋ ಪ್ಲಾಸ್ಟಿಕ್ ಬಿಲ್ಲೆಗಳು, ಇಂಜಿನ್ನನ್ನ ಬಾಡಿಗೆ ಹಿಡಿದಿಡೋ ಇಂಜಿನ್ ಮೌಂಟಿಂಗ್ ರಬ್ಬರ್ ಒಂದ್ ಜೊತೆ, ಗೇರ್‌ಬಾಕ್ಸ್ ಮೌಂಟಿಂಗ್ ಒಂದ್ ಜೊತೆ. ಮೊದಲೇ ಹೇಳ್ಬಿಡ್ತೀನಿ, ಬುಷ್ ಕಿಟ್‌ಗೆ ಐದಕ್ಕೆ ನಾಲ್ಕೂವರೆ, ಮೌಂಟಿಂಗ್‌ಗೆ ಐದಕ್ಕೆ ಐದು.

ಕಾರ್ ತಗೊಂಡಾಗಿಂದ ಎರಡನೇ ಗೇರ್ ಹುಡುಕೋದೇ ಕೆಲಸ ಆಗಿತ್ತು, ಲಿವರ್ ಗಂಜೀಲಿ ಸೌಟು ತಿರುಗಿಸಿದ ಹಾಗೆ ಎಲ್ಲಾ ಕಡೆ ಹೋಗೋದು, ಸಿಗ್ನಲ್ಲಲ್ಲಿ ನಿಂತಾಗ ಮೊದಲನೇ ಗೇರ್ ಅಂತ ಹಾಕಿದ್ರೆ ರಿವರ್ಸ್ ಬಿದ್ದು ಎದೆ ಝಲ್ ಅನ್ನೋದು (ಇದ್ರಲ್ಲಿ ಮೊದಲನೇದು ಎಡಕ್ಕೆ ತಳ್ಳಿ ಕೆಳಗೆ ಎಳೀಬೇಕು, ಅದರ ಮೇಲಗಡೇನೇ ರಿವರ್ಸ್). ಒಂದು ಗ್ಯಾರೇಜ್‌ನೋರು ನೋಡಿ ಗೇರ್‌ಬಾಕ್ಸ್ ಒಳಗಡೆ ಸಿಂಕ್ರೊ (ಗೇರ್ ಸದ್ದಿಲ್ದೆ ಕೂರೋ ಹಾಗೆ ವೇಗ ಹೊಂದಿಸೋ ರಿಂಗು) ಹೋಗಿದೆ, ಇಳಿಸಿ ಪೂರ್ತಿ ಬಿಚ್ಚಬೇಕು ಅಂತ ಸಾವಿರಾರು ಡಾಲರ್ ಎಸ್ಟಿಮೇಟ್ ಕೊಟ್ರು. ಕಾರ್ ಕೆಳಗೆ ಒಂದ್ಸಲಾನೂ ಬಗ್ಗಿ ನೋಡ್ಲಿಲ್ಲ, ಆ ಬೇಜಾರು ನಂಗೆ ಇವತ್ತಿಗೂ ಇದೆ.

ನಂಗೆ ನೆನಪಾಗಿದ್ದು ಶಿವಮೊಗ್ಗದಲ್ಲಿ ಅಪ್ಪಾಜಿ ಹತ್ರ ಇದ್ದ ಪ್ರೀಮಿಯರ್ ಪದ್ಮಿನಿ. ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್, ಆಗಾಗ ಸಿಕ್ಕಾಕೊಳ್ಳೋದು, ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ "ಬುಷ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಗಟ್ಟಿಯಾಗಿದೆ" ಅಂತ ಹೇಳಿ ಅರ್ಧ ಗಂಟೇಲಿ ಸರಿ ಮಾಡಿ ಕಳಿಸ್ತಿದ್ರು.

914ರಲ್ಲಿ ಇದು ಇನ್ನೂ ಮುಖ್ಯ ಯಾಕಂದ್ರೆ ಇಂಜಿನ್ ಇರೋದು ಸೀಟ್ ಹಿಂದೆ, ಗೇರ್‌ಬಾಕ್ಸ್ ಅದಕ್ಕೂ ಹಿಂದೆ. ಅಂದ್ರೆ ಲಿವರಿಂದ ಹೊರಟ ರಾಡ್ ಎರಡು ಸೀಟ್ ಮಧ್ಯದ ಟನಲ್ಲಲ್ಲಿ ಹಾದು ಫೈರ್‌ವಾಲ್ (ಸೀಟ್‌ಗೂ ಇಂಜಿನ್‌ಗೂ ನಡುವಿನ ತಗಡಿನ ಗೋಡೆ) ದಾಟಿ ಇಂಜಿನ್ ಪಕ್ಕದಲ್ಲೇ ಅಷ್ಟು ದೂರ ಹೋಗಿ ಗೇರ್‌ಬಾಕ್ಸ್ ಮುಟ್ಟಬೇಕು. ದಾರೀಲಿ ಒಂದೊಂದು ಪ್ಲಾಸ್ಟಿಕ್ ಬುಷ್ ಒಂಚೂರು ಸವೆದ್ರೂ ಎಲ್ಲಾ ಸೇರಿ ಲಿವರ್ ಹತ್ರ ಬರೋ ಹೊತ್ತಿಗೆ ಇಂಚುಗಟ್ಟಲೆ ಆಟ. 1970ರಿಂದ 72ರವರೆಗಿನ ಕಾರಲ್ಲಿ ರಾಡ್ ಗೇರ್‌ಬಾಕ್ಸ್ ಹಿಂದಗಡೆಯಿಂದ ಒಳಗೆ ಹೋಗುತ್ತೆ, 73ರಿಂದ ಪಕ್ಕದಿಂದ ಹೋಗೋ ಹಾಗೆ ಬದಲಾಯಿಸಿದ್ರು, ನಂದು ಈ ಎರಡನೇ ತರ, ಹಳೇದಕ್ಕಿಂತ ಗೇರ್ ಚೆನ್ನಾಗಿ ಬೀಳುತ್ತೆ. ಕಿಟ್ ತರಿಸೋವಾಗ ವರ್ಷ ಹೇಳ್ಲೇಬೇಕು, ಒಂದರದ್ದು ಇನ್ನೊಂದಕ್ಕೆ ಕೂರಲ್ಲ, ಮೌಂಟಿಂಗ್‌ಗೂ ಅಷ್ಟೇ.

ದುಡ್ಡು ಹಾಕೋಕ್ ಮುಂಚೆ ನಾನು ಮಾಡಿದ್ದು ಹೇಳ್ತೀನಿ, ಇದಕ್ಕೆ ಕಾಸು ಖರ್ಚಿಲ್ಲ. ಇಂಜಿನ್ ಆಫ್ ಮಾಡಿ ಎಲ್ಲಾ ಗೇರೂ ಹಾಕಿ ನೋಡಿ, ಬೀಳ್ಲಿಲ್ಲ ಅಂದ್ರೆ ಕಾರನ್ನ ಒಂಚೂರು ಹಿಂದೆ ಮುಂದೆ ತಳ್ಳಿ ಮತ್ತೆ ಹಾಕಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು ಇಂಜಿನ್ ಓಡ್ತಿರೋವಾಗ ಮಾತ್ರ ಕರ್ರ್ ಅಂದ್ರೆ ಮೊದಲು ಕ್ಲಚ್ ನೋಡಿ. ಕೇಬಲ್ ಅಡ್ಜಸ್ಟ್ ಆಗಿಲ್ದೆ ಇರಬಹುದು, ಇಲ್ಲಾ ಟನಲ್ ಒಳಗೆ ಆ ಕೇಬಲ್ ಹಾದುಹೋಗೋ ಕ್ಲಚ್ ಟ್ಯೂಬ್‌ದು ವೆಲ್ಡಿಂಗ್ ಬಿಟ್ಟಿರಬಹುದು, ಅದು 914ಗೆ ಹಳೇ ಕಾಯಿಲೆ, ಒಬ್ರು ಪೆಡಲ್ ಒತ್ತಿದಾಗ ಟ್ಯೂಬೇ ಅಲ್ಲಾಡಿದ್ರೆ ಮುಗೀತು, ಅದನ್ನ ವೆಲ್ಡ್ ಮಾಡಿಸ್ಬೇಕು. ಆಫ್ ಇದ್ದಾಗ್ಲೂ ಗೇರ್ ಹುಡುಕ್ಬೇಕು ಅಂದ್ರೆ ಲಿಂಕೇಜ್ ಕಡೆ ಬನ್ನಿ. ನನ್ ಅಣ್ಣನ ಮಗನ್ನ ಒಳಗೆ ಕೂರಿಸಿ "ಮೆತ್ತಗೆ ಲಿವರ್ ಆಡ್ಸೋ ಮರಿ" ಅಂತ ಹೇಳಿ, ಕಾರ್ ಸ್ಟ್ಯಾಂಡ್ ಮೇಲೆ ನಿಲ್ಸಿ ನಾನು ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡ್ದೆ, "ಚಿಕ್ಕಪ್ಪಾ ಎಡಕ್ಕೆ ತಳ್ಳಿದೀನಿ" ಅಂತಾನೆ, ಇಲ್ಲಿ ರಾಡ್ ಅಲುಗಾಡಿಲ್ಲ! ಫೈರ್‌ವಾಲ್ ಹತ್ರದ ಬುಷ್ ಇರಬೇಕಾದ ಜಾಗದಲ್ಲಿ ಒಂದಿಷ್ಟು ಚೂರು ಬಿಟ್ರೆ ಏನೂ ಇರ್ಲಿಲ್ಲ.

ಮೌಂಟಿಂಗ್‌ದು ಲಕ್ಷಣ ಬೇರೆ. ಓಡಿಸ್ತಿರೋವಾಗ ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಗೇರ್ ಲಿವರ್ ತಾನಾಗೇ ಹಿಂದೆ ಮುಂದೆ ಹೋಗ್ತಿದ್ರೆ ಇಂಜಿನ್ನೇ ಓಡಾಡ್ತಿದೆ ಅಂತ ಅರ್ಥ. ಲಿವರ್ ಇರೋದು ಬಾಡಿ ಮೇಲೆ, ಗೇರ್‌ಬಾಕ್ಸ್ ಇರೋದು ಇಂಜಿನ್ ಜೊತೆ ರಬ್ಬರ್ ಮೇಲೆ, ರಬ್ಬರ್ ಕಿತ್ಕೊಂಡಿದ್ರೆ ಬುಷ್ ಎಷ್ಟೇ ಹೊಸದಿದ್ರೂ ಪ್ರಯೋಜನ ಇಲ್ಲ, ಅದಕ್ಕೇ ಎರಡೂ ಒಟ್ಟಿಗೆ ಮಾಡಿ ಅನ್ನೋದು. ಮರದ ತುಂಡು ಇಟ್ಟು ಸಲಾಕೆಯಿಂದ ಮೆತ್ತಗೆ ಮೀಟಿ ನೋಡಿದ್ರೆ ನನ್ನ ಗೇರ್‌ಬಾಕ್ಸ್ ಮೌಂಟಿಂಗ್ ಒಂದರಲ್ಲಿ ರಬ್ಬರ್ ಬೇರೆ, ಕಬ್ಬಿಣ ಬೇರೆ ಆಗಿತ್ತು, ಆಯಿಲ್ ಕುಡಿದು ಊದಿ ಮೆತ್ತಗಾಗಿತ್ತು. ಹೊಸದು ಹಾಕೋಕ್ ಮುಂಚೆ ಆಯಿಲ್ ಎಲ್ಲಿಂದ ಸೋರ್ತಿದೆ ಅಂತ ಹುಡುಕಿ ನಿಲ್ಲಿಸಿ, ಇಲ್ದಿದ್ರೆ ಹೊಸದಕ್ಕೂ ಅದೇ ಗತಿ.

ಈಗ ಕಿಟ್. ಫೈರ್‌ವಾಲ್ ಬುಷ್ ನೈಲಾನ್‌ದು, ಕೂರಿಸೋಕೆ ತುಂಬಾ ಬಿಗಿ. ಕುದಿಯೋ ನೀರಲ್ಲಿ ಸ್ವಲ್ಪ ಹೊತ್ತು ಹಾಕಿಟ್ಟು ಮೆತ್ತಗಾದ್ಮೇಲೆ ಒತ್ತಿದ್ರೆ ಹೋಯ್ತು. ಲಿವರ್ ಬುಡದ ಬಟ್ಟಲಾಕಾರದ ಬುಷ್, ಗೇರ್‌ಬಾಕ್ಸ್ ಪಕ್ಕದ ಲಿಂಕೇಜಿನ ಬಟ್ಟಲುಗಳು ಚೆನ್ನಾಗಿವೆ, ಒಂದು ಮಾತ್ರ ಅದು ಕೂರೋ ಗುಂಡು ಬಾಲ್ ಮೇಲೆ ಸ್ವಲ್ಪ ಸಡಿಲ ಅನ್ನಿಸ್ತು, ಬದಲಾಯಿಸಿ ಕೊಟ್ರು, ಆದ್ರೆ ಅದು ಬರೋವರೆಗೂ ಒಂದ್ ವಾರ ಕಾರ್ ಸ್ಟ್ಯಾಂಡ್ ಮೇಲೇ ನಿಂತಿತ್ತು, ಅರ್ಧ ಮಾರ್ಕ್ ಕಟ್ ಮಾಡಿದ್ದು ಅದಕ್ಕೇ. ರಾಡ್ ಜೋಡಿಸೋ, ತುದಿ ಚೂಪಾಗಿರೋ ಕೋನ್ ಸ್ಕ್ರೂ ಕಿಟ್ಟಲ್ಲಿ ಇರ್ಲಿಲ್ಲ, ಬೇರೆ ತಗೊಳ್ಳಿ, ಹಳೇದು ಸವೆದಿದ್ರೆ ಎಷ್ಟು ಟೈಟ್ ಮಾಡಿದ್ರೂ ಮತ್ತೆ ಆಟ ಬರುತ್ತೆ. ಬಿಚ್ಚೋಕ್ ಮುಂಚೆ ರಾಡ್ ಮೇಲೆ, ಕ್ಲ್ಯಾಂಪ್ ಮೇಲೆ ಬಿಳಿ ಪೇಂಟಲ್ಲಿ ಗುರುತು ಹಾಕಿ ಫೋಟೋ ತೆಗೀರಿ, ಆಮೇಲೆ ಅಡ್ಜಸ್ಟ್ ಮಾಡೋವಾಗ ಅದೇ ಕಾಪಾಡೋದು. ಅಲ್ಲಿ ಕೂದಲೆಳೆಯಷ್ಟು ತಿರುಗಿಸಿದ್ರೂ ಮೇಲೆ ಲಿವರ್ ಜಾಗ ತುಂಬಾ ಬದಲಾಗುತ್ತೆ, ನಂಗೆ ಏಳೆಂಟು ಸಲ ಕೆಳಗೆ ಮೇಲೆ ಹೋಗಿ ಬಂದಮೇಲೆ ಸರಿ ಕೂತಿದ್ದು.

ಮೌಂಟಿಂಗ್ ಬದಲಾಯಿಸೋದು ಕಷ್ಟ ಇಲ್ಲ, ಆದ್ರೆ ಬೋಲ್ಟ್ ಬಿಚ್ಚೋಕ್ ಮುಂಚೆ ಇಂಜಿನ್, ಗೇರ್‌ಬಾಕ್ಸ್ ಎರಡರ ಭಾರಾನೂ ಜಾಕ್ ಮೇಲೆ ಕೂರಿಸಿರ್ಬೇಕು, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಅಂಗಡಿಯೋರು ರಬ್ಬರಿಗಿಂತ ಗಟ್ಟಿಯಾದ ಯುರೆಥೇನ್ ತಗೊಳ್ಳಿ ಅಂದ್ರು, ನಾನು ರಬ್ಬರನ್ನೇ ತಗೊಂಡೆ. ರೇಸ್ ಟ್ರ್ಯಾಕಿಗೆ ಗಟ್ಟಿ ಮೌಂಟಿಂಗ್ ಸರಿ, ರಸ್ತೇಲಿ ಓಡಿಸೋ ಕಾರಲ್ಲಿ ಇಂಜಿನ್ ನಡುಕ ಎಲ್ಲಾ ಬೆನ್ನಿಗೇ ಬರುತ್ತೆ, ಅದೂ ಇಂಜಿನ್ ಸೀಟ್ ಹಿಂದೇನೇ ಇರೋ ಗಾಡೀಲಿ. ಹೇಗೂ ಕೆಳಗೆ ಮಲಗಿರ್ತೀರಲ್ಲ, ಬಲಗಡೆ ಬ್ಯಾಟರಿ ಕೆಳಗಿನ ತಗಡನ್ನೂ ಕುಟ್ಟಿ ನೋಡಿ, ಬ್ಯಾಟರಿ ಆಸಿಡ್, ಮಳೆ ನೀರು ಇಳಿದು ತುಕ್ಕು ತಿನ್ನೋದು ಅಲ್ಲಿಂದ್ಲೇ ಶುರು.

ಎಲ್ಲಾ ಮುಗಿದಮೇಲೆ ಭಾನುವಾರ ಬೆಳಿಗ್ಗೆ ಮೇಲಿನ ಟಾಪ್ ತೆಗೆದು ಹಿಂದಗಡೆ ಡಿಕ್ಕೀಲಿಟ್ಟು ಗುಡ್ಡದ ರಸ್ತೆಗೆ ಹೋದ್ವಿ. ಮೂರರಿಂದ ಎರಡಕ್ಕೆ ಇಳಿಸ್ದೆ, ಟಕ್ ಅಂತ ಕೂತ್ಕೊಳ್ತು. ಸಿಂಕ್ರೊಗೆ ಏನೂ ಆಗಿರ್ಲಿಲ್ಲ, ಗೇರ್‌ಬಾಕ್ಸ್ ಇವತ್ತಿಗೂ ಬಿಚ್ಚಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ ಹೆಂಡ್ತಿ "ಏನ್ರೀ, ಇವತ್ತು ಸದ್ದೇ ಬರ್ಲಿಲ್ಲ" ಅಂದ್ಲು, ವಾಪಸ್ ಬರೋವಾಗ ಅವಳೇ ಓಡಿಸ್ಕೊಂಡು ಬಂದ್ಲು.