‘ಹೀರೋ ಜೊತೆ ಊಟ’ ಅಂತ ತುಮಕೂರಲ್ಲಿ ಟಿಕೆಟ್ ಮಾರುವವರ ಬಗ್ಗೆ ಹುಷಾರು

ತುಮಕೂರಿನವರು, ಅದರಲ್ಲೂ ಹೊಸದಾಗಿ ಮದುವೆಯಾದವರು, ಇದನ್ನು ಪೂರ್ತಿ ಓದಿ. ಬೇಸಿಗೆ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತದೆ. ‘ಜೋಡಿಗಳಿಗೆ ಸಮ್ಮರ್ ಸ್ಪೆಷಲ್. ಬೆಂಗಳೂರಲ್ಲಿ ಬೆಳಿಗ್ಗೆ ವಾಟರ್ ಪಾರ್ಕ್, ಸಂಜೆ ಸ್ಟಾರ್ ನೈಟ್, ರಾತ್ರಿ ಹೀರೋ ಜೊತೆ ಊಟ ಮತ್ತು ಫೋಟೊ. ಎಸಿ ಬಸ್, ತಿಂಡಿ, ಊಟ ಎಲ್ಲ ಸೇರಿ ಜೋಡಿಗೆ 4,999.’ ನಾನು, ನಮ್ಮ ಮನೆಯವರು ಈ ಬೇಸಿಗೆಯಲ್ಲಿ ಅದಕ್ಕೆ ಹೋಗಿ ಬಂದೆವು. ಹೀರೋ ಬರಲಿಲ್ಲ. ಬರುವ ಮಾತೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದು ಸಾಲದು ಅಂತ, ದುಡ್ಡು ವಾಪಸ್ ಕೊಡ್ತೀವಿ ಅಂತ ಫೋನ್ ಮಾಡಿ ಇನ್ನಷ್ಟು ಕೀಳಲು ನೋಡಿದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ಅಲ್ಲಿ ನಡೆಯಲಿ. ಹೇಗೂ ಹೆಸರು ಬದಲಾಯಿಸೋದು ಅವರಿಗೆ ಒಂದು ಫ್ಲೆಕ್ಸಿನ ಖರ್ಚು ಅಷ್ಟೇ. ಅವರು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಸಾಕು.

ಮೊದಲು ಟಿಕೆಟ್ ಮಾರುವ ರೀತಿ. ಬಿ.ಎಚ್. ರಸ್ತೆಯ ಪಕ್ಕದಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಹಿಂದೆ ಆಳೆತ್ತರದ ಫ್ಲೆಕ್ಸ್. ನಮ್ಮ ಮನೆಯವರಿಗೆ ಆ ಹೀರೋ ಅಂದರೆ ಹೈಸ್ಕೂಲಿನಿಂದಲೂ ಪ್ರಾಣ. ಬೈಕಿನ ಹಿಂದೆ ಸ್ಟಿಕ್ಕರ್ ಬೇರೆ ಇದೆ. ಮನೆಯಲ್ಲಿ ಸಿನಿಮಾ ಹುಚ್ಚು ಇವರಿಗೆ ಮಾತ್ರ ಅಲ್ಲ ಬಿಡಿ. ನಮ್ಮ ಮಾವ ಗುಬ್ಬಿ ಕಡೆಯವರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ ಅಲ್ವಾ ರಾಜ್‌ಕುಮಾರ್ ಅಂತ ಯಾರು ಮನೆಗೆ ಬಂದರೂ ಶುರು ಮಾಡುತ್ತಾರೆ. ಹಾಗಾಗಿ ‘ರೀ, ಇಷ್ಟು ಕಡಿಮೆ ದುಡ್ಡಿಗೆ ಅಷ್ಟು ದೊಡ್ಡ ಹೀರೋ ಬರ್ತಾರಾ’ ಅಂತ ನಾನು ಕೇಳಿದ್ದಕ್ಕೆ ಮನೆಯಲ್ಲಿ ಯಾರೂ ಕಿವಿ ಕೊಡಲಿಲ್ಲ.

ಮೇಜಿನ ಹಿಂದೆ ಕೂತಿದ್ದ ಹುಡುಗಿ ಬಹಳ ನಯವಾಗಿ ಮಾತಾಡಿದಳು. ‘ಈಗ ಬುಕಿಂಗ್‌ಗೆ 500 ಕೊಡಿ ಸಾಕು ಅಕ್ಕ. ಉಳಿದದ್ದು ಬಸ್ ಹತ್ತಿದ ಮೇಲೆ ಕೊಡಿ.’ ಇಡೀ ಆಟ ನಡೆಯುವುದೇ ಈ ಮಾತಿನ ಮೇಲೆ. ಪೂರ್ತಿ ದುಡ್ಡು ಮೊದಲೇ ಕೇಳಿದರೆ ಯಾರಾದರೂ ಹಿಂದೆಮುಂದೆ ನೋಡುತ್ತಾರೆ. 500 ಅಂದರೆ ಹೋದರೆ ಹೋಗಲಿ ಅನ್ನಿಸುತ್ತದೆ. ಬೆಳಗ್ಗೆ ಐದೂವರೆಗೆ ಎದ್ದು, ರೇಷ್ಮೆ ಸೀರೆ ಬ್ಯಾಗಿಗೆ ಹಾಕಿಕೊಂಡು, ಗಾಡಿಯಲ್ಲಿ ಕೂತ ಮೇಲೆ 4,499 ಕೊಡಲ್ಲ ಅಂತ ಯಾರು ಕೆಳಗೆ ಇಳಿಯುತ್ತಾರೆ ಹೇಳಿ?

ಎಸಿ ಬಸ್ ಅಂದಿದ್ದು ಟಿಟಿ (ಟೆಂಪೊ ಟ್ರಾವೆಲರ್) ಗಾಡಿ ಆಗಿತ್ತು. ಕಿಟಕಿ ತೆಗೆದರೆ ಗಾಳಿ, ಅಷ್ಟೇ ಎಸಿ. ಗಾಡಿ ಹೊರಟ ಮೇಲೆ ಒಬ್ಬ ಹುಡುಗ ಲ್ಯಾಮಿನೇಟ್ ಮಾಡಿದ ಕ್ಯೂಆರ್ ಕೋಡ್ ಹಿಡಿದು ಸೀಟಿನಿಂದ ಸೀಟಿಗೆ ಬಂದ. ಸ್ಕ್ಯಾನ್ ಮಾಡಿದಾಗ ಬಂದ ಹೆಸರು ಪೋಸ್ಟರಿನ ಸಂಸ್ಥೆಯದ್ದಲ್ಲ, ಯಾವುದೋ ಒಬ್ಬ ವ್ಯಕ್ತಿಯದ್ದು. ಕೇಳಿದ್ದಕ್ಕೆ ‘ನಮ್ಮ ಓನರ್ ಭಾಮೈದ ಸಾರ್’ ಅಂದ. ಇಂಥ ಕಡೆ ದುಡ್ಡು ಕಳಿಸುವ ಮೊದಲು ಪರದೆ ಮೇಲೆ ಬರುವ ಹೆಸರು ಓದಿ. ಸಂಸ್ಥೆಯ ಹೆಸರಲ್ಲಿ ವ್ಯಾಪಾರ, ಭಾಮೈದನ ಖಾತೆಗೆ ದುಡ್ಡು ಅಂದರೆ ಆಮೇಲೆ ಕೇಳಲು ಹೋದಾಗ ಇಬ್ಬರೂ ನಾನಲ್ಲ ಅಂತಾರೆ. ನಮ್ಮ ವಿಷಯದಲ್ಲಿ ಹಾಗೇ ಆಯಿತು.

ತಿಂಡಿ ಸೇರಿದೆ ಅಂದಿದ್ದರಲ್ಲ, ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲಿಸಿದರು. ತಟ್ಟೆ ಇಡ್ಲಿ ತಿಂದೆವು. ಬಿಲ್ ನಾವೇ ಕೊಟ್ಟೆವು. ವಾಟರ್ ಪಾರ್ಕಿನ ಕಥೆ ಉದ್ದ ಬೇಡ. ಒಳಗೆ ಹೋಗುವ ಟಿಕೆಟ್ ಕೊಟ್ಟರು. ಲಾಕರ್, ನೀರಿಗೆ ಇಳಿಯುವ ಬಟ್ಟೆ, ಮಧ್ಯಾಹ್ನದ ಊಟ ಎಲ್ಲ ನಮ್ಮ ತಲೆ ಮೇಲೆ. ಆದರೂ ನೀರಲ್ಲಿ ಖುಷಿಯಾಗಿಯೇ ಇದ್ದೆವು, ಸುಳ್ಳು ಯಾಕೆ ಹೇಳಲಿ.

ಸಂಜೆ ಬೇಗ ಹೊರಡಿಸಿಕೊಂಡು ಊರಾಚೆಯ ಒಂದು ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋದರು. ಅಲ್ಲಿ ನೋಡಿದರೆ ಇಂಥವೇ ಗಾಡಿಗಳ ಸಾಲು. ಕೋಲಾರದಿಂದ ಬಂದವರಿದ್ದರು, ಚಿಕ್ಕಬಳ್ಳಾಪುರದವರಿದ್ದರು. ಎಲ್ಲರ ಕೈಯಲ್ಲೂ ಅದೇ ಹಳದಿ ಟಿಕೆಟ್. ಗೇಟಿನಲ್ಲಿ ಹೊಸ ರಾಗ. ಹೀರೋ ಜೊತೆ ಫೋಟೊ ಬೇಕಾದರೆ ಕೈಗೆ ವಿಐಪಿ ಬ್ಯಾಂಡ್ ಇರಬೇಕು, ಒಬ್ಬರಿಗೆ 1,000. ‘ಪ್ಯಾಕೇಜಲ್ಲೇ ಫೋಟೊ ಸೇರಿದೆ ಅಂದ್ರಲ್ಲ’ ಅಂದರೆ, ‘ಅದು ಗ್ರೂಪ್ ಫೋಟೊ ಮೇಡಂ, ಇದು ಪಕ್ಕದಲ್ಲಿ ನಿಂತ್ಕೊಂಡು ತೆಗೆಸೋದು’ ಅಂದರು. ನಮ್ಮ ಮನೆಯವರು ನನ್ನ ಮುಖ ನೋಡಿದರು. ಬೇಡ ರೀ ಅಂದೆ. ನಮ್ಮ ಪಕ್ಕದಲ್ಲಿದ್ದ ಶಿರಾ ಕಡೆಯ ಜೋಡಿ ಇಬ್ಬರಿಗೂ ಕಟ್ಟಿಸಿಕೊಂಡಿತು.

ಒಳಗೆ ಆರ್ಕೆಸ್ಟ್ರಾ ಶುರುವಾಗಿತ್ತು. ಹಾಡುವವರು ಚೆನ್ನಾಗಿಯೇ ಹಾಡಿದರು. ನಡುನಡುವೆ ನಿರೂಪಕ ‘ನಮ್ಮ ಹೀರೋ ದಾರಿಯಲ್ಲಿದ್ದಾರೆ, ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿದ್ದಾರೆ’ ಅನ್ನುತ್ತಿದ್ದ. ನಾವು ತುಮಕೂರಿನವರು ನಕ್ಕೆವು. ಗೊರಗುಂಟೆಪಾಳ್ಯದ ಟ್ರಾಫಿಕ್ ನಮಗೆ ಹೇಳಿಕೊಡಬೇಕಾ? ಅದೊಂದನ್ನು ಮಾತ್ರ ಎಲ್ಲರೂ ನಂಬಿದೆವು.

ರಾತ್ರಿ ಒಂಬತ್ತು ದಾಟಿತು. ಹೊಗೆ ಬಿಟ್ಟರು, ದೀಪ ಆರಿಸಿದರು, ಹೀರೋನ ಎಂಟ್ರಿ ಮ್ಯೂಸಿಕ್ ಹಾಕಿದರು. ಜನ ಎದ್ದು ನಿಂತು ಶಿಳ್ಳೆ. ವೇದಿಕೆ ಮೇಲೆ ಅದೇ ಜಾಕೆಟ್, ಅದೇ ಕನ್ನಡಕ, ಅದೇ ನಡಿಗೆ. ದೀಪ ಬಂದಾಗ ಮುಂದಿನ ಸಾಲಿನವರ ಶಿಳ್ಳೆ ನಿಂತಿತು. ಅದು ನಿಧಾನವಾಗಿ ಹಿಂದಿನ ಸಾಲಿನವರೆಗೂ ಬಂತು. ಬಂದಿದ್ದು ಜೂನಿಯರ್.

ಆರ್ಕೆಸ್ಟ್ರಾ ನೋಡಿದವರಿಗೆ ಇದು ಹೊಸದಲ್ಲ. ಗಣೇಶನ ಹಬ್ಬ, ರಾಜ್ಯೋತ್ಸವಕ್ಕೆ ನಮ್ಮ ಬೀದಿಗಳಲ್ಲಿ ಜೂನಿಯರ್ ವಿಷ್ಣುವರ್ಧನ್, ಜೂನಿಯರ್ ಶಂಕರ್‌ನಾಗ್ ಬಂದು ಕುಣಿದು ಹೋಗುತ್ತಾರೆ. ಜನ ಖುಷಿಪಡುತ್ತಾರೆ. ಅದರಲ್ಲಿ ಮೋಸ ಏನೂ ಇಲ್ಲ, ಯಾಕೆಂದರೆ ಜೂನಿಯರ್ ಅಂತ ಹೇಳಿಯೇ ಕರೆಸುತ್ತಾರೆ. ಇಲ್ಲಿ ಪೋಸ್ಟರಿನಲ್ಲಿ ಹಾಕಿದ್ದು ಅಸಲಿ ಹೀರೋನ ಫೋಟೊ. ಹೆಸರಿನ ಹಿಂದೆ, ಹೀರೋನ ಭುಜದ ಕಪ್ಪು ಬಟ್ಟೆಯ ಮೇಲೆ, ಕಡುನೀಲಿ ಅಕ್ಷರದಲ್ಲಿ ‘ಜೂ.’ ಅಂತ ಅಚ್ಚು ಹಾಕಿಸಿದ್ದರು. ಮನೆಗೆ ಬಂದ ಮೇಲೆ ಮೊಬೈಲಿನಲ್ಲಿ ದೊಡ್ಡದು ಮಾಡಿ, ಬೆಳಕು ಜಾಸ್ತಿ ಮಾಡಿ ನೋಡಿದೆವು. ಆಗ ಕಾಣಿಸಿತು. ನಾಳೆ ಯಾರಾದರೂ ಕೇಳಿದರೆ ಬರೆದಿದ್ದೆವಲ್ಲ ಅನ್ನಲು ಇದು ಸಾಕು ಅಂತ ಅವರ ಲೆಕ್ಕ.

ಗಲಾಟೆ ಶುರುವಾಯಿತು. ಬ್ಯಾಂಡ್ ಕಟ್ಟಿಸಿಕೊಂಡವರು ವೇದಿಕೆ ಕಡೆ ನುಗ್ಗಿದರು, ಹಿಂದಿನವರು ಹೊರಗೆ ಹೋಗಲು ನುಗ್ಗಿದರು. ಮಂಟಪಕ್ಕೆ ಇದ್ದ ಎರಡು ಬಾಗಿಲಲ್ಲಿ ಒಂದಕ್ಕೆ ಊಟದ ಮೇಜು ಅಡ್ಡ ಇಟ್ಟಿದ್ದರು. ನನಗೆ ಕೈಕಾಲು ತಣ್ಣಗಾಗಿದ್ದು ಆಗಲೇ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ಹುಡುಗರನ್ನು ನೋಡಲು ಬಂದಿದ್ದ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರಲ್ಲ, ಆ ಟಿವಿ ದೃಶ್ಯಗಳೆಲ್ಲ ಕಣ್ಣ ಮುಂದೆ ಬಂದವು. ಮಗು ಎತ್ತಿಕೊಂಡಿದ್ದ ಒಬ್ಬಾಕೆಯನ್ನು ನಮ್ಮ ಮನೆಯವರು, ಇನ್ನಿಬ್ಬರು ಸೇರಿ ಅಡುಗೆಮನೆ ಬಾಗಿಲಿನಿಂದ ಆಚೆ ದಾಟಿಸಿದರು. ದುಡ್ಡು ಹೋದದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಆ ಮೇಜಿನ ಬಗ್ಗೆ. ಇಂಥ ಕಡೆ ಹೋದರೆ ಕೂರುವ ಮೊದಲೇ ಹೊರಗೆ ಹೋಗುವ ಬಾಗಿಲು ಎಲ್ಲೆಲ್ಲಿದೆ, ತೆರೆದಿದೆಯಾ ಅಂತ ನೋಡಿಕೊಳ್ಳಿ.

ಅಡುಗೆಮನೆಯಿಂದ ಆಚೆ ಬಂದರೆ ಆ ಜೂನಿಯರ್ ಕಲಾವಿದ ನೀರಿನ ಡ್ರಮ್ಮಿನ ಪಕ್ಕ ಕೂತಿದ್ದ. ವಿಗ್ ತೆಗೆದು ತೊಡೆ ಮೇಲೆ ಇಟ್ಟುಕೊಂಡು ಪೇಪರ್ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದ. ಬಣ್ಣ ಬೆವರಿಗೆ ಕುತ್ತಿಗೆವರೆಗೂ ಇಳಿದಿತ್ತು. ನಮ್ಮನ್ನು ನೋಡಿ ಎದ್ದು ನಿಂತ. ‘ಅಣ್ಣ, ಹೊಡೀಬೇಡಿ. ಅಸಲಿ ಬರ್ತಾರೆ ಅಂತ ನಿಮಗೆ ಹೇಳಿದ್ದಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ನನಗೂ ಅಡ್ವಾನ್ಸ್ ಬಿಟ್ರೆ ಏನೂ ಬಂದಿಲ್ಲ.’ ನಮ್ಮ ಮನೆಯವರು ಹೊಡೆಯುವವರಲ್ಲ. ಊಟ ಮಾಡಿ ಅಂದು ಸುಮ್ಮನೆ ಬಂದರು. ಆತ ಎರಡು ಹೆಜ್ಜೆ ಹಿಂದೆ ಬಂದು, ‘ಫೋಟೊ ಬೇಕಾದ್ರೆ ತೆಗೆಸ್ಕೊಳ್ಳಿ ಅಣ್ಣ, ದುಡ್ಡು ಬೇಡ’ ಅಂದ. ತೆಗೆಸಿಕೊಂಡೆವು. ಫೋಟೊ ಚೆನ್ನಾಗಿ ಬಂದಿದೆ.

ಹೊರಗೆ ಟಿಟಿ ಇರಲಿಲ್ಲ. ಚಾಲಕನಿಗೆ ಫೋನ್ ಮಾಡಿದರೆ, ಹೋಗುವ ಬಾಡಿಗೆ ಮಾತ್ರ ಕೊಟ್ಟಿದ್ದರು ಅಂದ. ಆಟೊ ಹಿಡಿದು ತುಮಕೂರು ರಸ್ತೆಗೆ ಬಂದು ಕೆಎಸ್‌ಆರ್‌ಟಿಸಿ ಬಸ್ಸಿಗೆ ಕೈ ಅಡ್ಡ ಹಾಕಿದೆವು.

ಇನ್ನು ಎರಡನೇ ಭಾಗ. ಇದೇ ಜಾಸ್ತಿ ಅಪಾಯದ್ದು. ನಾವು ಆ ಹುಡುಗಿಯ ನಂಬರಿಗೆ ಬೈದು ಮೆಸೇಜ್ ಹಾಕಿದ್ದೆವು. ಸ್ವಲ್ಪ ದಿನ ಬಿಟ್ಟು ಬೇರೆ ನಂಬರಿನಿಂದ ಒಬ್ಬ ಫೋನ್ ಮಾಡಿದ. ಬಹಳ ಮರ್ಯಾದೆ. ‘ಸಾರ್, ನಿಮಗೆ ಆದ ತೊಂದರೆಗೆ ಪೂರ್ತಿ ರಿಫಂಡ್ ಕೊಡ್ತಿದ್ದೀವಿ. ಒಂದು ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬಂದು ಬೀಳತ್ತೆ.’ ಫೋನ್ ಸ್ಪೀಕರ್‌ನಲ್ಲಿತ್ತು. ನಾನು ಕಿತ್ತುಕೊಂಡು ಕಟ್ ಮಾಡಿದೆ. ದುಡ್ಡು ನಮ್ಮ ಖಾತೆಗೆ ಬರಲು ಯುಪಿಐ ಪಿನ್ ಬೇಕಿಲ್ಲ. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಅವರ ಹತ್ತಿರ ನಮ್ಮ ಹೆಸರು, ನಂಬರು, ಎಷ್ಟು ಕಟ್ಟಿದ್ದೆವು ಅನ್ನೋದು ಎಲ್ಲ ಇರುವುದರಿಂದ ಮಾತು ನಿಜ ಅನ್ನಿಸುತ್ತದೆ. ಶಿರಾದ ಜೋಡಿಗೂ ಇದೇ ಫೋನ್ ಹೋಗಿತ್ತು. ಅವರು ಪಿನ್ ಹಾಕಿದರು. 9,000 ಹೋಯಿತು.

ಹಾಗೆ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಆ ದುಡ್ಡನ್ನು ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಕೈಯಲ್ಲಿ ಯುಟಿಆರ್ ನಂಬರ್, ಅಂದರೆ ಆ ಪೇಮೆಂಟಿನ ಗುರುತಿನ ಸಂಖ್ಯೆ, ಇಟ್ಟುಕೊಂಡು ಮಾತಾಡಿ. ಶಿರಾದವರು ನಾಚಿಕೆಯಿಂದ ಯಾರಿಗೂ ಹೇಳದೆ ಕೂತಿದ್ದರು. ನಾವು ಹೇಳಿ ಫೋನ್ ಮಾಡಿಸುವಷ್ಟರಲ್ಲಿ ಆ ಖಾತೆ ಖಾಲಿ.

ಟಿಕೆಟ್ ದುಡ್ಡಿನ ದಾರಿ ಬೇರೆ. ಹೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಅನ್ನೋದು ಗ್ರಾಹಕರ ವ್ಯಾಜ್ಯ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಾರ್ಯಕ್ರಮ ಬೆಂಗಳೂರಲ್ಲಿ ನಡೆಯಿತು, ಅಲ್ಲಿಗೆ ಯಾರು ಅಲೆಯುತ್ತಾರೆ ಅಂತ ನಮ್ಮ ಜೊತೆ ಬಂದ ತುಂಬಾ ಜನ ಸುಮ್ಮನಾಗಿದ್ದಾರೆ. ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ಬೆಂಗಳೂರಿಗೆ ಹೋಗಬೇಡಿ, ಹೀರೋ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. 70 ಕಿಲೋಮೀಟರ್ ದೂರ ಅಷ್ಟೇ. ಈಗಂತೂ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೂ ಬಂದಿದೆ. ಬಸ್ಸಿಳಿದು ಅಲ್ಲಿ ಹತ್ತಿದರೆ ಟ್ರಾಫಿಕ್ ಗೋಳಿಲ್ಲ. ಏಪ್ರಿಲ್ 24, ರಾಜ್‌ಕುಮಾರ್ ಹುಟ್ಟಿದ ದಿನ, ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೊದಲ್ಲಿ ಕಂಠೀರವ ಸ್ಟುಡಿಯೊಗೆ ಹೋಗಿ. ಅವರ ಮನೆಯವರು ಸಮಾಧಿಗೆ ಪೂಜೆ ಮಾಡಲು ಬರುತ್ತಾರೆ. ಪುನೀತ್ ಸಮಾಧಿಯೂ ಅಲ್ಲೇ. ಯಾರೂ ಟಿಕೆಟ್ ಕೇಳುವುದಿಲ್ಲ. ನಟರನ್ನು ಹತ್ತಿರದಿಂದ ನೋಡಬೇಕು ಅಂದರೆ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡಿ. ತಡವಾಗಿ ಹೋದರೆ ಮಾತ್ರ ಒಳಗೆ ಬಿಡುವುದಿಲ್ಲ. ಶ್ರೀರಾಮನವಮಿ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಂಗೀತೋತ್ಸವ ಇರುತ್ತದೆ. ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡುತ್ತಾರೆ. ಚೈತ್ರ ಹುಣ್ಣಿಮೆ ರಾತ್ರಿಯ ಕರಗಕ್ಕೆ ಯಾವ ಪ್ಯಾಕೇಜೂ ಬೇಡ. ಇಂಥ ಕಡೆ ಯಾರಾದರೂ ಕಣ್ಣಿಗೆ ಬಿದ್ದರೆ ಬಿದ್ದರು, ಇಲ್ಲದಿದ್ದರೆ ಇಲ್ಲ. ‘ಗ್ಯಾರಂಟಿ ಫೋಟೊ’ ಅಂತ ದುಡ್ಡು ಕೇಳುವವನ ಹತ್ತಿರ ಒಂದೇ ಕೇಳಿ: ಆ ಹೀರೋನ ಸ್ವಂತ ಪೇಜಿನಲ್ಲಿ ಈ ಕಾರ್ಯಕ್ರಮದ ಬಗ್ಗೆ ಹಾಕಿದ್ದಾರಾ? ನಮ್ಮವರು ಆ ಪೇಜನ್ನು ದಿನಾ ನೋಡುವವರು. ಅಲ್ಲಿ ಒಂದಕ್ಷರ ಇರಲಿಲ್ಲ.

ಈ ವಾರ ಗುಬ್ಬಿಯ ಸಂಬಂಧಿಕರೊಬ್ಬರು ಒಂದು ಪೋಸ್ಟರ್ ಕಳಿಸಿದ್ದಾರೆ. ಸಂಸ್ಥೆಯ ಹೆಸರು ಬೇರೆ, ಫೋನ್ ನಂಬರ್ ಬೇರೆ, ಬೆಲೆ 5,499 ಆಗಿದೆ. ಉಳಿದದ್ದೆಲ್ಲ ಅದೇ. ಅದನ್ನೂ ದೂರಿಗೆ ಸೇರಿಸಿದ್ದೇವೆ.

ಆವತ್ತು ಮಂಟಪದಲ್ಲಿದ್ದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಯಾರಾದರೂ ಇದನ್ನು ಓದುತ್ತಿದ್ದರೆ ಹಳದಿ ಟಿಕೆಟ್ ಬಿಸಾಡಬೇಡಿ, ಪೇಮೆಂಟ್ ಸ್ಕ್ರೀನ್‌ಶಾಟ್ ಅಳಿಸಬೇಡಿ, ಆ ಪೋಸ್ಟರ್ ಫೋನಲ್ಲಿ ಇದ್ದರೆ ಹಾಗೇ ಇರಲಿ. ಒಂದೇ ತೊಂದರೆಯಾದ ಗ್ರಾಹಕರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಲು ಅವಕಾಶ ಇದೆ. ನಮಗೊಂದು ಮೆಸೇಜ್ ಹಾಕಿ.