ಡಿಸೆಬಿಲಿಟಿ ಕೇಸು ಫೆಡರಲ್ ಕೋರ್ಟಿಗೆ ಹಾಕೋ ವಕೀಲರ ಆಫೀಸು: ಕೆಲಸಕ್ಕೆ 5 ಸ್ಟಾರ್, ಫೋನಿಗೆ 1

ನಮ್ಮಕ್ಕನಿಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿ ಬೀಳೋ ಕಾಯಿಲೆ), ಇಲ್ಲೇ ಅಮೆರಿಕಾದಲ್ಲಿ ಸುಮಾರು ವರ್ಷ ದುಡಿದು ಟ್ಯಾಕ್ಸ್ ಕಟ್ಟಿದೋಳು. ಕಾಯಿಲೆಯಿಂದ ದುಡಿಯೋಕಾಗದೋರಿಗೆ ಸರ್ಕಾರ ಕೊಡೋ ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ದುಡ್ಡಿಗೆ ಹಾಕಿದ್ದು ಹಿಯರಿಂಗಲ್ಲಿ ರಿಜೆಕ್ಟ್ ಆಯ್ತು, ಆ ಇಲಾಖೆಯದ್ದೇ ಮೇಲ್ಮನವಿ ವಿಭಾಗ ಅಪೀಲ್ಸ್ ಕೌನ್ಸಿಲಲ್ಲೂ ಆಗ್ಲಿಲ್ಲ, ಇನ್ನು ಉಳಿದಿದ್ದು ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟು. ಕೌನ್ಸಿಲ್ ಪತ್ರ ಕೈಗೆ ಬಂದ 60 ದಿನದೊಳಗೆ ಹಾಕ್ಬೇಕು, ಅಂಚೆಗೆ ಅಂತ 5 ದಿನ ಲೆಕ್ಕ ಹಿಡೀತಾರೆ. ಹಿಯರಿಂಗ್ ಮಾಡಿದ್ದ ವಕೀಲರು ನಾವು ಕೋರ್ಟ್ ಕೇಸ್ ತಗೊಳ್ಳಲ್ಲ ಅಂತ ಕೈ ತೊಳ್ಕೊಂಡ್ರು, ಆಗ ಗೊತ್ತಿರೋರು ಹೇಳಿದ್ದು ಈ ಆಫೀಸು. ಬೈಯೋದೂ ಇದೆ, ಅದಕ್ಕೇ ಹೆಸರು ಹಾಕ್ತಿಲ್ಲ.

ಇಷ್ಟ ಆಗಿದ್ದು ಏನಂದ್ರೆ ಸುಳ್ಳು ಆಸೆ ಹುಟ್ಟಿಸಲಿಲ್ಲ. ಅಕ್ಕ ಪಾಪ, ಜಡ್ಜಿಗೆ ಊದಿರೋ ಬೆರಳು ತೋರಿಸ್ಬಹುದಾ ಅಂತ ಕೇಳಿದ್ಲು. ನಿಮ್ಮನ್ನ ಕರೆಯೋದೇ ಇಲ್ಲ, ಇರೋ ಫೈಲ್ ಓದ್ತಾರೆ ಅಷ್ಟೇ, ಹೊಸ ರಿಪೋರ್ಟ್ ಸಾಮಾನ್ಯವಾಗಿ ತಗೊಳ್ಳಲ್ಲ ಅಂದ್ರು. ನಿಮಗೆ ಕಾಯಿಲೆ ಇದ್ಯಾ ಅಂತಲ್ಲ, ಕೊಟ್ಟ ತೀರ್ಮಾನಕ್ಕೆ ಸಾಕಷ್ಟು ಆಧಾರ ಇದ್ಯಾ, ಕಾನೂನು ಪ್ರಕಾರ ಬರೆದಿದಾರಾ ಅಂತ ನೋಡ್ತಾರಂತೆ. ಆ ಆಧಾರದ ಮಟ್ಟವೂ ಅಷ್ಟೇನು ಎತ್ತರದ್ದಲ್ಲ ಅಂತ 2019ರ ಬೀಸ್ಟೆಕ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗೆದ್ರೂ ಹೆಚ್ಚಿನ ಸಲ ನೇರವಾಗಿ ದುಡ್ಡು ಬರಲ್ಲ, ಮತ್ತೆ ಹಿಯರಿಂಗ್ ಮಾಡಿ ಅಂತ ವಾಪಸ್ ಕಳಿಸ್ತಾರೆ.

ಬ್ರೀಫ್, ಅಂದ್ರೆ ಕೋರ್ಟಿಗೆ ಕೊಡೋ ಲಿಖಿತ ವಾದ, ಬರೆದಿದ್ದು ಮಾತ್ರ ಸೂಪರ್. ಹಿಯರಿಂಗಲ್ಲಿ ವೊಕೇಶನಲ್ ಎಕ್ಸ್‌ಪರ್ಟ್ (ಯಾವ ಕೆಲಸ ಮಾಡ್ಬಹುದು ಅಂತ ಹೇಳೋ ತಜ್ಞರು) ಅಂತ ಒಬ್ರು ಅಕ್ಕ ಅಡ್ರೆಸರ್ ಕೆಲಸ ಮಾಡ್ಬಹುದು ಅಂದಿದ್ರು, ಅಂದ್ರೆ ಕೂತ್ಕೊಂಡು ಕವರ್ ಮೇಲೆ ವಿಳಾಸ ಬರೆಯೋದು!! ಈ ಕಾಲದಲ್ಲಿ ಯಾರಪ್ಪ ಅದಕ್ಕೆ ಸಂಬಳ ಕೊಡ್ತಾರೆ? ಅವರು ನೋಡಿ ಹೇಳೋ ಸರ್ಕಾರಿ ಕೆಲಸಗಳ ವಿವರದ ಪಟ್ಟಿ ಕೊನೇ ಸಲ ಪರಿಷ್ಕರಿಸಿದ್ದು 1991ರಲ್ಲಿ. ಆದ್ರೆ ವಕೀಲರು ಅದನ್ನೇ ಹಿಡ್ಕೊಂಡು ಕೂರಲಿಲ್ಲ, ಅಕ್ಕನ ರುಮಟಾಲಜಿ (ಕೀಲು ಕಾಯಿಲೆ) ಡಾಕ್ಟರು ಬೆರಳಲ್ಲಿ ಹೆಚ್ಚು ಹೊತ್ತು ಹಿಡಿಯೋಕಾಗಲ್ಲ ಅಂತ ಬರೆದಿದ್ದ ಪುಟ ಹುಡುಕಿ ತೆಗೆದ್ರು. ಡಾಕ್ಟರ್ ಮಾತು ಒಪ್ಪದಿದ್ರೆ ಯಾಕೆ ಅಂತ ಬರೀಬೇಕು, ಅದಕ್ಕೆ ಆಧಾರ ಏನಿದೆ, ಉಳಿದ ದಾಖಲೆಗೆ ಹೊಂದುತ್ತಾ ಅಂತ ವಿವರಿಸ್ಬೇಕು, ಹಿಯರಿಂಗ್ ತೀರ್ಪಲ್ಲಿ ಅದಕ್ಕೆ ಒಂದೇ ಸಾಲು ಇತ್ತು. ಕೇಸು ಮತ್ತೆ ಹಿಯರಿಂಗಿಗೆ ವಾಪಸ್ ಹೋಗಿದ್ದು ಅದರ ಮೇಲೇನೇ.

ಫೀಸು ಗೆದ್ರೆ ಮಾತ್ರ, ಹಿಂದಿನ ತಿಂಗಳುಗಳ ಬಾಕಿ ಅಂತ ಬರೋ ದುಡ್ಡಲ್ಲಿ ಗರಿಷ್ಠ 25%, ಅದೂ ಕೋರ್ಟ್ ಒಪ್ಪಿದ್ರೆ. ಸರ್ಕಾರದಿಂದಲೂ ಬೇರೆ ಕಾನೂನಲ್ಲಿ ಫೀಸ್ ಸಿಕ್ಕಿದ್ರೆ ಎರಡರಲ್ಲಿ ಕಮ್ಮಿ ಇರೋದನ್ನ ನಮಗೆ ವಾಪಸ್ ಕೊಡ್ಬೇಕು, ಇದನ್ನ ನಾವು ಕೇಳೋ ಮೊದಲೇ ಹೇಳಿದ್ರು. ಕೋರ್ಟ್ ಶುಲ್ಕ 405 ಡಾಲರ್, ಕೈಲಿ ದುಡ್ಡಿಲ್ಲದೋರು ಮನ್ನಾ ಕೇಳ್ಬಹುದು.

ಇನ್ನು ಫೋನು. ಯಾವಾಗ ಮಾಡಿದ್ರೂ ವಾಯ್ಸ್‌ಮೇಲು, ವಾರ ಬಿಟ್ಟು ಅಸಿಸ್ಟೆಂಟ್ ಹುಡುಗಿ ಮಾಡ್ತಾಳೆ, ಅವಳಿಗೆ ಏನೂ ಗೊತ್ತಿರಲ್ಲ. ಕೇಸು ವಾಪಸ್ ಹೋಗಿದ್ದು ನಮಗೆ ಗೊತ್ತಾಗಿದ್ದೇ ಕೋರ್ಟಿನ ವೆಬ್‌ಸೈಟಲ್ಲಿ ನಾವೇ ನೋಡಿ, ಅವರ ಇಮೇಲು ಆಮೇಲೆ ಬಂತು. ಹೋಗೋರು ಇಮೇಲಲ್ಲೇ ಮಾತಾಡಿ, ಮತ್ತೆ ಅಪೀಲ್ಸ್ ಕೌನ್ಸಿಲ್ ಪತ್ರ ಬಂದ ವಾರದಲ್ಲೇ ಹೋಗಿ, ಕೊನೇ ಹತ್ತು ದಿನದಲ್ಲಿ ಬಂದೋರನ್ನ ಇವರು ತಗೊಳ್ಳಲ್ಲ.