ಪೆನ್ನಾ, ಮೆಷಿನ್ನಾ, ದನಿಯಾ? ಕೋರ್ಟ್ ರಿಪೋರ್ಟಿಂಗ್ ಕಲಿಯುವ ಮೂರು ದಾರಿ

ಕೋರ್ಟಿನಲ್ಲಿ ವಕೀಲರು, ಸಾಕ್ಷಿ, ನ್ಯಾಯಾಧೀಶರು ಆಡುವ ಪ್ರತಿ ಮಾತನ್ನೂ ಇದ್ದ ಹಾಗೇ ಬರೆದಿಡುವುದು ಕೋರ್ಟ್ ರಿಪೋರ್ಟರ್ ಕೆಲಸ. ತರಬೇತಿಗೆ ಸೇರಬೇಕು ಅನ್ನುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಯಾವುದರಲ್ಲಿ ಬರೆಯುವುದು? ಪೆನ್ನಿನ ಶಾರ್ಟ್‌ಹ್ಯಾಂಡ್ (ಶೀಘ್ರಲಿಪಿ), ಸ್ಟೆನೊ ಮೆಷಿನ್, ಇಲ್ಲವೇ ದನಿ. ಮೂರನ್ನೂ ನಾನು ಇಂಗ್ಲಿಷ್ ಡಿಕ್ಟೇಶನ್ ಮೇಲೆ ಕಲಿತು ನೋಡಿದೆ. ಸಾಕ್ಷಿ ವಿಚಾರಣೆಯ ಒಂದೇ ಆಡಿಯೊ ಹಾಕಿಕೊಂಡು ಮೂರರಲ್ಲೂ ಬರೆದೆ. ಮೂರೂ ಕೈಕೊಡುತ್ತವೆ, ಆದರೆ ಬೇರೆ ಬೇರೆ ಜಾಗದಲ್ಲಿ. ಯಾವುದು ಸುಲಭ ಅಂತ ಕೇಳುವುದಕ್ಕಿಂತ ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಕೇಳಬೇಕು.

ಪೆನ್ನಿನಿಂದ ಶುರು ಮಾಡೋಣ. ಪಿಟ್‌ಮನ್ ಶಾರ್ಟ್‌ಹ್ಯಾಂಡ್ 1837ರಿಂದ ಇದೆ. ನೋಟ್‌ಬುಕ್ಕು, ಪೆನ್ಸಿಲ್ ಇದ್ದರೆ ಸಾಕು. ‘ಪಿ’ ಮತ್ತು ‘ಬಿ’ಗೆ ಒಂದೇ ಗೆರೆ, ತೆಳುವಾಗಿ ಎಳೆದರೆ ‘ಪಿ’, ಒತ್ತಿ ಎಳೆದರೆ ‘ಬಿ’. ವೇಗ ಏರಿದ ಹಾಗೆ ಸ್ವರಗಳ ಚುಕ್ಕೆ ಹಾಕಲು ಪುರುಸೊತ್ತೇ ಇರುವುದಿಲ್ಲ. ‘ಪ್ರಾಸಿಕ್ಯೂಟ್’, ‘ಪರ್ಸಿಕ್ಯೂಟ್’ ಎರಡರ ವ್ಯಂಜನಗಳೂ ಒಂದೇ, ಅರ್ಥ ಮಾತ್ರ ಬೇರೆ (ಮೊಕದ್ದಮೆ ಹೂಡುವುದು, ಕಿರುಕುಳ ಕೊಡುವುದು). ಅದಕ್ಕೇ ಅವಕ್ಕೆ ಬೇರೆ ಬೇರೆ ರೂಪ ಬಾಯಿಪಾಠ ಮಾಡಿಸುತ್ತಾರೆ. ಕೋರ್ಟಿನಲ್ಲಿ ಅವು ಅದಲುಬದಲಾದರೆ ಏನಾಗುತ್ತದೆ ಯೋಚಿಸಿ! ಪೆನ್ನಿಗೆ ವೇಗ ಇಲ್ಲ ಅಂತಲ್ಲ. 1922ರಲ್ಲಿ ನೇಥನ್ ಬೆಹ್ರಿನ್ ಎನ್ನುವವರು ನ್ಯೂಯಾರ್ಕಿನ ಸ್ಪರ್ಧೆಯಲ್ಲಿ ಪಿಟ್‌ಮನ್‌ನಲ್ಲೇ ನಿಮಿಷಕ್ಕೆ 350 ಪದ ಬರೆದಿದ್ದರು. ಪೆನ್ನು ಕೈಕೊಡುವುದು ಆಮೇಲೆ, ಓದುವಾಗ. ಬರೆದದ್ದನ್ನೆಲ್ಲ ಮತ್ತೆ ಕೂತು ಟೈಪ್ ಮಾಡಬೇಕು, ನಿಮ್ಮ ಗೆರೆ ಬೇರೆಯವರಿಗೆ ಓದಲು ಬರುವುದು ಕಷ್ಟ. ಆದರೂ ಒಂದು ಮಾತು ಹೇಳಲೇಬೇಕು. ಆಡುವವರಿಗಿಂತ ನಾಲ್ಕೈದು ಪದ ಹಿಂದಿದ್ದುಕೊಂಡು, ಆ ಪದಗಳನ್ನು ತಲೆಯಲ್ಲಿ ಹಿಡಿದಿಟ್ಟು ಬರೆಯುವ ಅಭ್ಯಾಸ ನನಗೆ ಪೆನ್ನಿನಿಂದಲೇ ಬಂತು. ಮುಂದೆ ಅದು ಎಲ್ಲದರಲ್ಲೂ ಕೆಲಸಕ್ಕೆ ಬಂತು.

ಸ್ಟೆನೊ ಮೆಷಿನ್ ಬೇರೆಯೇ ಲೋಕ. ಕೀಗಳು ಇಪ್ಪತ್ತು ಚಿಲ್ಲರೆ ಅಷ್ಟೇ. ಒಂದೊಂದೇ ಅಕ್ಷರ ಒತ್ತುವುದಿಲ್ಲ. ಬೇಕಾದ ಕೀಗಳನ್ನೆಲ್ಲ ಒಟ್ಟಿಗೆ ಒತ್ತಿ ಬಿಡುವುದು. ಅದು ಒಂದು ಸ್ಟ್ರೋಕ್. ಎಡಗೈಗೆ ಪದದ ಮೊದಲ ವ್ಯಂಜನ, ಹೆಬ್ಬೆರಳುಗಳಿಗೆ ಸ್ವರ, ಬಲಗೈಗೆ ಕೊನೆಯ ವ್ಯಂಜನ. ಎಲ್ಲ ಅಕ್ಷರಕ್ಕೂ ಕೀ ಇಲ್ಲ. ಎಡಗಡೆ ‘ಎಲ್’ ಬೇಕೆಂದರೆ ‘ಎಚ್’ ಮತ್ತು ‘ಆರ್’ ಒಟ್ಟಿಗೆ ಒತ್ತಬೇಕು. ‘ಲಾಟ್’ ಅಂತ ಬರೆಯುವಾಗ ‘ಆರ್’ ಮೇಲಿನ ಬೆರಳು ಸ್ವಲ್ಪ ಸಡಿಲವಾಯಿತೋ, ಅದು ‘ಹಾಟ್’ ಆಗುತ್ತದೆ. ‘ಬಿ’ ಅಂದರೆ ‘ಪಿ’ ಜೊತೆ ‘ಡಬ್ಲ್ಯೂ’. ‘ಡಬ್ಲ್ಯೂ’ ತಪ್ಪಿದರೆ ‘ಬೆಟ್’ ಹೋಗಿ ‘ಪೆಟ್’.

ಇಷ್ಟಾದರೂ ನನಗೆ ಮೆಷಿನ್ನೇ ಇಷ್ಟ. ಅದರ ತಪ್ಪುಗಳಲ್ಲಿ ಬಹುಪಾಲು ಕಣ್ಣಿಗೆ ಬೀಳುತ್ತವೆ. ಸ್ಟ್ರೋಕನ್ನು ಪದವಾಗಿಸಲು ಸಾಫ್ಟ್‌ವೇರ್ ಒಂದು ನಿಘಂಟು ನೋಡುತ್ತದೆ. ಅದರಲ್ಲಿ ಇಲ್ಲದ ಸ್ಟ್ರೋಕ್ ಒತ್ತಿದರೆ ಪರದೆಯ ಮೇಲೆ ಹಸಿ ಅಕ್ಷರಗಳ ಗುಂಪು ಹಾಗೇ ಬಂದು ನಿಲ್ಲುತ್ತದೆ. ಯಾವ ಬೆರಳು ಕೈಕೊಟ್ಟಿತು ಅಂತ ಆಗಲೇ ಗೊತ್ತಾಗುತ್ತದೆ, ನಾಳೆ ಆ ಬೆರಳಿಗೇ ಅಭ್ಯಾಸ ಕೊಡಬಹುದು. ಮೆಷಿನ್ ಕೈಕೊಡುವುದು ಕಲಿಕೆಯ ನಡುದಾರಿಯಲ್ಲಿ. ಶುರುವಿನಲ್ಲಿ ಹುಮ್ಮಸ್ಸಿನಿಂದ ಏರಿದ ವೇಗ ಒಂದು ಕಡೆ ನಿಂತುಬಿಡುತ್ತದೆ, ವಾರಗಟ್ಟಲೆ ಅಲುಗಾಡುವುದಿಲ್ಲ. ಅಮೆರಿಕದ ಎನ್‌ಸಿಆರ್‌ಎ ಎಂಬ ಕೋರ್ಟ್ ರಿಪೋರ್ಟರುಗಳ ಸಂಸ್ಥೆಯ ಆರ್‌ಪಿಆರ್ ಅರ್ಹತಾ ಪರೀಕ್ಷೆಯಲ್ಲಿ ಪ್ರಶ್ನೋತ್ತರಕ್ಕೆ ನಿಮಿಷಕ್ಕೆ 225 ಪದ ಕೇಳುತ್ತಾರೆ, ಐದು ನಿಮಿಷ ಪೂರ್ತಿ, 95% ಸರಿ ಇರಬೇಕು. ಅಲ್ಲಿಗೆ ಮುಟ್ಟುವ ಮೊದಲೇ ಬಿಟ್ಟುಹೋಗುವವರು ತುಂಬಾ ಜನ. ನನ್ನ ವೇಗ ನಿಂತಾಗ ಸಹಾಯಕ್ಕೆ ಬಂದದ್ದು ಒಂದೇ ಉಪಾಯ: ನನ್ನ ಮಿತಿಗಿಂತ ಜಾಸ್ತಿ ವೇಗದ ಆಡಿಯೊ ಸ್ವಲ್ಪ ಹೊತ್ತು ಬರೆದು, ಆಮೇಲೆ ನಿಧಾನದ್ದಕ್ಕೆ ಇಳಿದು ಪ್ರತಿ ಸ್ಟ್ರೋಕನ್ನೂ ಸ್ವಚ್ಛವಾಗಿ ಒತ್ತುವುದು.

ದನಿಯ ದಾರಿಯಲ್ಲಿ ಬಾಯಿಗೆ ಸ್ಟೆನೊಮಾಸ್ಕ್, ಅಂದರೆ ದನಿ ಹೊರಗೆ ಕೇಳದಂತೆ ತಡೆಯುವ ಮೈಕ್ ಇರುವ ಮುಖವಾಡ, ಹಿಡಿದು, ಕೇಳಿದ ಮಾತನ್ನೆಲ್ಲ ಮೆಲ್ಲಗೆ ಮತ್ತೆ ಹೇಳಬೇಕು. ಸಾಫ್ಟ್‌ವೇರ್ ಅದನ್ನು ಅಕ್ಷರ ಮಾಡುತ್ತದೆ. ‘ಕಾಮಾ’, ‘ಕ್ವೆಶ್ಚನ್ ಮಾರ್ಕ್’ ಕೂಡ ನೀವೇ ಹೇಳಬೇಕು. ಶುರುವಿನ ಫಲ ಬೇಗ ಸಿಗುವುದು ಇಲ್ಲೇ. ಕೈನೋವು ಇರುವವರಿಗೆ ಇದು ನಿಜಕ್ಕೂ ವರ. ಆದರೆ ಇದರ ತಪ್ಪು ಕಣ್ಣಿಗೆ ಬೀಳುವುದಿಲ್ಲ. ‘ಫಿಫ್ಟೀನ್’ ಅಂದದ್ದು ‘ಫಿಫ್ಟಿ’ ಆಗಿ ಕೂರುತ್ತದೆ. ‘ಕಾಂಟ್’ ಹೋಗಿ ‘ಕ್ಯಾನ್’ ಆದರೆ ಸಾಕ್ಷಿಯ ಉತ್ತರವೇ ಉಲ್ಟಾ. ವಾಕ್ಯ ಮಾತ್ರ ಚೆನ್ನಾಗೇ ಓದಿಸಿಕೊಳ್ಳುತ್ತದೆ! ಅದಕ್ಕೇ ಆಡಿಯೊ ಪಕ್ಕದಲ್ಲಿ ಇಟ್ಟುಕೊಂಡು ಪದಪದವೂ ತಾಳೆ ನೋಡುವ ತಾಳ್ಮೆ ಬೇಕು. ಬೇಗ ಕಲಿಯಬಹುದು ಅಂತ ಸುಮ್ನೆ ಇದಕ್ಕೆ ಸೇರುವವರಿಗೆ ಆ ತಾಳ್ಮೆ ಇರುತ್ತದೆಯಾ ಅನ್ನುವುದೇ ನನ್ನ ಅನುಮಾನ.

ರೆಕಾರ್ಡಿಂಗ್ ಮಾಡಿ, ಯಾರು ಯಾವಾಗ ಮಾತಾಡಿದರು ಅಂತ ಗುರುತು ಹಾಕಿಕೊಳ್ಳುವ ಡಿಜಿಟಲ್ ಪದ್ಧತಿಯೂ ಇದೆ. ಅದು ಬೇರೆ ಕೆಲಸ, ಬೇರೆ ತರಬೇತಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾವ ವಿಧಾನವೂ ನಿಲ್ಲುವುದಿಲ್ಲ, ‘ಒಬ್ಬೊಬ್ಬರೇ ಹೇಳಿ’ ಅಂತ ತಡೆಯುವ ಧೈರ್ಯವನ್ನೂ ಕಲಿಯಬೇಕು.

ಈಗ ಶುರು ಮಾಡುವವರು ನನ್ನನ್ನು ಕೇಳಿದರೆ ಮೆಷಿನ್ ಅನ್ನುತ್ತೇನೆ, ದಿನಾ ಕೂರುವ ಸಮಯ ಇದ್ದರೆ ಮಾತ್ರ. ಕೂಡಲೇ ಮೆಷಿನ್ ಕೊಳ್ಳಬೇಡಿ. ಪ್ಲೋವರ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಹಲವು ಕೀಗಳನ್ನು ಒಟ್ಟಿಗೆ ಗುರುತಿಸುವ ಕೀಬೋರ್ಡ್ ಇದ್ದರೆ ಮನೆಯಲ್ಲೇ ಸ್ಟ್ರೋಕ್ ಒತ್ತಿ ನೋಡಬಹುದು. ಎಲ್ಲ ಕಡೆ ಎಲ್ಲ ವಿಧಾನವನ್ನೂ ಒಪ್ಪುವುದಿಲ್ಲ. ಶುಲ್ಕ ಕಟ್ಟುವ ಮೊದಲು, ನೀವು ಕೆಲಸ ಮಾಡಬೇಕೆಂದಿರುವ ಕೋರ್ಟು ಯಾವುದನ್ನು ಒಪ್ಪುತ್ತದೆ ಅಂತ ಕೇಳಿಕೊಳ್ಳಿ.